ಮಗ್ಗ ನಿಂತ ಬೀದಿಯಲ್ಲಿ ಒಂದು ಮಿದುಳಿಗಾಗಿ ಕಾದದ್ದು

ದಿಂಬಂ

ನನ್ನ ಪಾಸ್‌ಪೋರ್ಟಿನಲ್ಲಿ ಒಂದು ಮುದ್ರೆಯೂ ಬಿದ್ದಿಲ್ಲ. ನಮ್ಮ ಪ್ರಯೋಗಾಲಯದ ವಿಜ್ಞಾನಿಗಳು ವರ್ಷಕ್ಕೊಮ್ಮೆ ಹಿಮ ಬೀಳುವ ಊರುಗಳಿಗೆ ಹೋಗಿ ಬಂದು ಚಾಕೊಲೇಟು ಹಂಚುತ್ತಾರೆ, ನಾನು ತಿನ್ನುತ್ತೇನೆ. ನನ್ನ ಪಾಲಿಗೆ ಬಂದ ಪರದೇಶ ಇರುವುದು ದಿಂಬಂ ಘಾಟಿಯ ಕೆಳಗೆ. ಅಲ್ಲಿನ ಮಾತು ನನ್ನದಲ್ಲ, ಬೋರ್ಡಿನ ಅಕ್ಷರ ನನಗೆ ಓದಲು ಬಾರದು, ಬಿಸಿಲಂತೂ ನಮ್ಮದಲ್ಲವೇ ಅಲ್ಲ. ಕೊಯಮತ್ತೂರು ಜಿಲ್ಲೆ ಯಾವಾಗಿನಿಂದ ವಿದೇಶವಾಯಿತು ಎಂದು ನಗುವವರು ನಗಲಿ. ನಾನು ಹೋದದ್ದು ಒಬ್ಬ ಹೆಂಗಸಿನ ಮಿದುಳು ತರುವುದಕ್ಕೆ. ಅಂಥ ಕೆಲಸಕ್ಕೆ ಹೊರಟವಳಿಗೆ ಪಕ್ಕದ ಬೀದಿಯೂ ಪರದೇಶವೇ.

ಕೆಲಸ ಏನೆಂದು ಮೊದಲೇ ಹೇಳಿಬಿಡುತ್ತೇನೆ. ನಾನು ಮೈಸೂರಿನ ಒಂದು ಪ್ರಯೋಗಾಲಯದಲ್ಲಿ ಹಿರಿಯ ತಂತ್ರಜ್ಞೆ. ಆಲ್‌ಝೈಮರ್ಸ್ ಎಂಬ ಮರೆವಿನ ಕಾಯಿಲೆಯಲ್ಲಿ ಮಿದುಳಿನ ಆರ್‌ಎನ್‌ಎಗೆ ಏನಾಗುತ್ತದೆ ಎಂದು ಅಲ್ಲಿ ನೋಡುತ್ತಾರೆ. ಡಿಎನ್‌ಎ ಅಂದರೆ ಬೀರುವಿನಲ್ಲಿ ಬೀಗ ಹಾಕಿಟ್ಟ ಅಡುಗೆ ಪುಸ್ತಕ ಎಂದುಕೊಳ್ಳಿ. ಅವತ್ತಿನ ಅಡುಗೆಗೆ ಬೇಕಾದಷ್ಟನ್ನು ಚೀಟಿಯಲ್ಲಿ ಬರೆದುಕೊಂಡು ಒಲೆಯ ಹತ್ತಿರ ತರುತ್ತೇವಲ್ಲ, ಆ ಚೀಟಿ ಆರ್‌ಎನ್‌ಎ. ಚೀಟಿಯ ಮೇಲೆ ಜೀವಕೋಶ ಅಲ್ಲಲ್ಲಿ ಸಣ್ಣ ಗುರುತು ಹಾಕುತ್ತದೆ: ಇದನ್ನು ಬೇಗ ಮಾಡು, ಇದನ್ನು ಹರಿದು ಹಾಕು, ಇದನ್ನು ಆಚೆ ಕೋಣೆಗೆ ಕಳಿಸು. ಗುರುತು ಹಾಕಲು, ಅಳಿಸಲು, ಓದಲು ಬೇರೆ ಬೇರೆ ಪ್ರೋಟೀನುಗಳಿವೆ. ಮರೆವಿನ ಮಿದುಳಿನಲ್ಲಿ ಈ ಗುರುತುಗಳು ಏರುಪೇರಾಗಿರುತ್ತವೆ. ಹೆಚ್ಚುತ್ತವೆ ಎನ್ನುವವರಿದ್ದಾರೆ, ಕಡಿಮೆಯಾಗುತ್ತವೆ ಎನ್ನುವವರೂ ಇದ್ದಾರೆ. ಕಾಯಿಲೆಗೆ ಅದು ಕಾರಣವೋ ಕಾಯಿಲೆಯಿಂದ ಅದು ಆಗುವುದೋ, ಯಾರೂ ಎದೆ ಮುಟ್ಟಿಕೊಂಡು ಹೇಳಲಾರರು. ತಿಳಿಯಬೇಕಾದರೆ ಮಿದುಳೇ ಬೇಕು, ಅದೂ ಬೇಗ ಬೇಕು. ಉಸಿರು ನಿಂತ ಗಳಿಗೆಯಿಂದ ಆ ಚೀಟಿಗಳು ಚೂರಾಗತೊಡಗುತ್ತವೆ. ಹೆಣವನ್ನು ತಣ್ಣಗಿಟ್ಟರೆ ನಿಧಾನವಾಗಿ, ಸೆಕೆಯಲ್ಲಿ ಬಿಟ್ಟರೆ ಬಲು ಬೇಗ.

ಅವತ್ತು ಬೆಳಿಗ್ಗೆ ಆರಕ್ಕೆ ಕರುಮತ್ತಂಪಟ್ಟಿಯಿಂದ ಶಾಂತಾಮಣಿ ಫೋನ್ ಮಾಡಿ, ತನ್ನ ತಾಯಿ ಸೌಡಮ್ಮ ಹೋದಳೆಂದು ಹೇಳಿದಳು. ಅಳು ಮುಗಿಸಿಕೊಂಡೇ ಫೋನ್ ಮಾಡಿದ್ದಳು ಅನ್ನಿಸುತ್ತದೆ, ದನಿ ಒಣಗಿತ್ತು. ಫ್ರೀಜರ್ ಪೆಟ್ಟಿಗೆ ತರಿಸಿ ಅದರಲ್ಲಿ ಮಲಗಿಸಿ, ಎಷ್ಟು ತಣ್ಣಗೆ ಆಗುತ್ತದೋ ಅಷ್ಟು ಇಡಿ, ನಾನು ಬರುವವರೆಗೆ ಮುಚ್ಚಳ ತೆಗೆಯಬೇಡಿ ಎಂದೆ. ಏಳು ಗಂಟೆಗೆ ನಮ್ಮ ಜೀಪು ಮೈಸೂರು ಬಿಟ್ಟಿತ್ತು. ಹಿಂದಿನ ಸೀಟಿನಲ್ಲಿ ಡ್ರೈ ಐಸ್ ತುಂಬಿದ ಬಿಳಿ ಡಬ್ಬ, ಮುಂದೆ ಡ್ರೈವರ್ ಮಾದೇವ, ಪಕ್ಕದಲ್ಲಿ ನಾನು.

ದಿಂಬಂ ಇಳಿಯುವಾಗ ಹಗ್ಗದ ಹಾಗೆ ಸುತ್ತಿದ ತಿರುವುಗಳಲ್ಲಿ ಒಂದು ನೂಲಿನ ಲಾರಿ ಅಡ್ಡ ಸಿಕ್ಕಿಕೊಂಡಿತ್ತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಸಂಕಟ ಬಂದಾಗ ವೆಂಕಟರಮಣ ಅಂತ ಮಾದೇವ ತನ್ನ ಬೆಟ್ಟದ ದೇವರನ್ನು ಕರೆದ. ನಾನು ಗಡಿಯಾರ ನೋಡುತ್ತಾ ಬೈದುಕೊಂಡೆ. ಅಷ್ಟರಲ್ಲಿ ಒಂದು ಕೋತಿ ಕಿಟಕಿಯಲ್ಲಿ ಕೈ ತೂರಿಸಿ ಡಬ್ಬದ ಮುಚ್ಚಳ ಎತ್ತಿತು. ಒಳಗಿನಿಂದ ಬಿಳಿ ಹೊಗೆ ಎದ್ದದ್ದೇ ತಡ, ಅರಚಿಕೊಂಡು ತಡೆಗೋಡೆ ಹಾರಿ ಓಡಿಹೋಯಿತು. ಇಬ್ಬರೂ ನಕ್ಕೆವು. ಅವತ್ತು ನಕ್ಕದ್ದು ಅದೊಂದೇ ಸಲ.

ಪುಳಿಯಂಪಟ್ಟಿ

ಸತ್ಯಮಂಗಲ ದಾಟಿ ಪುಳಿಯಂಪಟ್ಟಿಯಲ್ಲಿ ಚಹಾಕ್ಕೆ ನಿಲ್ಲಿಸಿದೆವು. ಕೊಂಗುನಾಡಿನ ಜನ ಅಪರಿಚಿತರನ್ನು ಮಾತನಾಡಿಸುವ ರೀತಿ ನನಗೆ ಇಷ್ಟ. ಪ್ರತಿ ಮಾತಿನ ಬಾಲಕ್ಕೂ ಒಂದು 'ಂಗ' ಸೇರಿಸಿ ಮರ್ಯಾದೆ ಕೊಡುತ್ತಾರೆ, ಕೊಟ್ಟು ಜಾತಕವನ್ನೆಲ್ಲ ಕೇಳುತ್ತಾರೆ. ಅಂಗಡಿಯವರೂ ಯಾವ ಊರು, ಎಲ್ಲಿಗೆ, ಮನೆಯಲ್ಲಿ ಎಷ್ಟು ಜನ ಎಂದೆಲ್ಲ ವಿಚಾರಿಸಿದರು. ಸಾವಿನ ಮನೆಗೆ ಎಂದು ಮಾದೇವ ತನ್ನ ಅರ್ಧ ತಮಿಳಿನಲ್ಲಿ ಹೇಳಿದ. ಅವರು ಕೂಡಲೇ ಸುಮ್ಮನಾದರು. ಹೊರಡುವಾಗ ಹೋಗಿ ಬನ್ನಿ ಅನ್ನಲಿಲ್ಲ, ತಲೆ ಆಡಿಸಿದರು ಅಷ್ಟೇ. ಸಾವಿನ ಮನೆಗೆ ಹೊರಟವರಿಗೆ ಹೋಗಿ ಬನ್ನಿ ಅನ್ನಬಾರದೆಂಬುದು ನಮ್ಮ ಕಡೆಯ ರೂಢಿಯೂ ಹೌದು. ಇಷ್ಟು ಬೇಗ ನಮ್ಮೂರಿನದೇ ಒಂದು ಮೌನ ಇಲ್ಲಿ ಸಿಕ್ಕೀತೆಂದು ಎಣಿಸಿರಲಿಲ್ಲ.

ಸೌಡಮ್ಮನನ್ನು ನಾನು ನಾಲ್ಕು ವರ್ಷದಿಂದ ಬಲ್ಲೆ. ಅವರದು ದೇವಾಂಗ ನೇಕಾರರ ಮನೆತನ. ಎಷ್ಟು ತಲೆಮಾರಿನ ಹಿಂದೆ ಕನ್ನಡ ನಾಡು ಬಿಟ್ಟು ಬಂದರೋ ಅವರಿಗೇ ಗೊತ್ತಿಲ್ಲ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕನ್ನಡ ಅಕ್ಷರ ಒಬ್ಬರಿಗೂ ಬಾರದು. ಸೌಡಮ್ಮನ ತಾಯಿಗೆ ಮರೆವಿನ ಕಾಯಿಲೆ ಇತ್ತು, ದೊಡ್ಡಮ್ಮನಿಗೂ ಇತ್ತು. ಹಾಗಾಗಿ ನಮ್ಮ ಪ್ರಯೋಗಾಲಯ ಇವರ ಮನೆ ಹುಡುಕಿಕೊಂಡು ಬಂದಿತ್ತು. ಕನ್ನಡದವಳಲ್ಲವೇ ಎಂದು ನನ್ನನ್ನು ಕಳಿಸುತ್ತಿದ್ದರು. ವರ್ಷಕ್ಕೊಮ್ಮೆ ಬಂದು ನೆನಪಿನ ಪರೀಕ್ಷೆ ಮಾಡುವುದು, ರಕ್ತ ತೆಗೆದುಕೊಂಡು ಹೋಗುವುದು. ಮೊದಲ ವರ್ಷ ನನ್ನನ್ನು ಮೈಸೂರು ಮೇಡಂ ಎಂದ ಸೌಡಮ್ಮ ಎರಡನೇ ವರ್ಷ ಮಗಳೇ ಎಂದಳು, ಮೂರನೇ ವರ್ಷ ತನ್ನ ತಾಯಿಯೆಂದುಕೊಂಡು ನನ್ನ ಸೆರಗು ಹಿಡಿದುಕೊಂಡಳು. ಆಮೇಲೆ ಆಕೆಯ ತಮಿಳು ಪೂರಾ ಹೋಯಿತು, ಕನ್ನಡ ಮಾತ್ರ ಉಳಿಯಿತು. ತಮಿಳಿನಲ್ಲೇ ಬೆಳೆದ ಮೊಮ್ಮಕ್ಕಳು ಅಜ್ಜಿಯ ಹತ್ತಿರ ಹೋಗುವುದನ್ನೇ ಬಿಟ್ಟರು. ಕೊನೆಗೆ ಕನ್ನಡವೂ ಹೋಗಿ ಕೈ ಮಾತ್ರ ಉಳಿಯಿತು. ಹರಿದ ಎಳೆಗೆ ಎಳೆ ಸೇರಿಸಿ ನೇಕಾರರು ಹಾಕುವ ಗಂಟನ್ನು ಇಡೀ ದಿನ ಸೆರಗಿನ ಅಂಚಿಗೆ ಹಾಕುತ್ತಾ ಕೂರುತ್ತಿದ್ದಳು. ಮಗಳ ಹೆಸರು ಬಾರದ ತಲೆಗೆ ಆ ಗಂಟು ಒಂದು ಸಲವೂ ತಪ್ಪಿರಲಿಲ್ಲ.

ಇನ್ನೂ ಬುದ್ಧಿ ನೆಟ್ಟಗಿದ್ದ ಮೊದಲ ವರ್ಷದಲ್ಲೇ ಸೌಡಮ್ಮ ಮಿದುಳು ಕೊಡಲು ಒಪ್ಪಿದ್ದಳು. ನಾನು ಅಂಜುತ್ತಾ ಅಂಜುತ್ತಾ ಕೇಳಿದರೆ ಆಕೆ ನೂಲು ಬಿಡಿಸುತ್ತಾ ಸಲೀಸಾಗಿ ಹೇಳಿದಳು:

"ತಲೆಯೊಳ್ಗೆ ಇರೋದ ಎತ್ಕೊಳ್ಳೀಂಗ. ಆನಾ ತವರ್‌ಮನೆ ಕೋಡಿ ಮೇಲ್ ಬೀಳ್ದೆ ನನ್ನ ಎತ್ತಬಾರ್ದು."

ಆನಾ ಅಂದರೆ ಆದರೆ, ಕೋಡಿ ಅಂದರೆ ಆ ಕಡೆ ಹೊಸ ಬಟ್ಟೆ. ಹೆಂಗಸು ತೀರಿಕೊಂಡರೆ ಅವಳ ಅಣ್ಣನೋ ತಮ್ಮನೋ ತವರಿನಿಂದ ಹೊಸ ಸೀರೆ ತಂದು ಹೊದಿಸಬೇಕು, ಅಲ್ಲಿಯವರೆಗೆ ಹೆಣ ಜಾಗ ಬಿಟ್ಟು ಕದಲುವಂತಿಲ್ಲ. ತವರಿನ ಸೀರೆ ನಮ್ಮಲ್ಲೂ ಉಂಟು. ಅಂಗಡಿಯಿಂದ ಒಂದು ಸೀರೆ ತರಲು ಎಷ್ಟು ಹೊತ್ತು ಬೇಕು ಎಂದು ನಾನು ಒಪ್ಪಿ, ಫಾರಂನಲ್ಲಿ ಷರತ್ತು ಎಂದಿರುವ ಕಡೆ ನನ್ನ ಕೈಯಾರೆ ಬರೆದುಕೊಂಡೆ. ಬರೆಯುವಾಗ ಇನ್ನೊಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ.

ಕರುಮತ್ತಂಪಟ್ಟಿ

ಈ ಊರು ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತದೆ. ಪವರ್‌ಲೂಮ್ ಮಗ್ಗಗಳು ಸಾಲುಸಾಲು ಶೆಡ್ಡುಗಳಲ್ಲಿ ಹಗಲೂ ರಾತ್ರಿ ಬಡಿಯುತ್ತವೆ. ಹೊಸಬರಿಗೆ ಒಂದು ಗಂಟೆಯಲ್ಲಿ ತಲೆ ಸಿಡಿಯುತ್ತದೆ. ಇಲ್ಲಿನವರು ಅದರ ಮೇಲಿಂದಲೇ ಮಾತನಾಡುತ್ತಾರೆ, ಅದರಲ್ಲೇ ಮಲಗುತ್ತಾರೆ, ಕೂಸುಗಳೂ ಅದರಲ್ಲೇ ನಿದ್ದೆ ಹೋಗುತ್ತವೆ. ನಾವು ಹನ್ನೆರಡರ ಹೊತ್ತಿಗೆ ಬೀದಿಗೆ ತಿರುಗಿದಾಗಲೂ ಸೌಡಮ್ಮನ ಮನೆಯ ಶೆಡ್ಡೊಂದು ಬಿಟ್ಟು ಮಿಕ್ಕವೆಲ್ಲ ಬಡಿಯುತ್ತಲೇ ಇದ್ದವು.

ಚಪ್ಪರದ ಕೆಳಗೆ ಗಂಡಸರು ಕುರ್ಚಿಗಳಲ್ಲಿ, ಒಳಗೆ ಹೆಂಗಸರು ನೆಲದ ಮೇಲೆ. ಕಾಗದದ ಲೋಟಗಳಲ್ಲಿ ಚಹಾ ಸುತ್ತುತ್ತಿತ್ತು. ಹೆಣದ ಮುಂದೆ ಕುಳಿತು ಚಹಾ ಕುಡಿಯುವುದು ನಮ್ಮೂರಿನಲ್ಲಿ ಇಲ್ಲ. ಇಲ್ಲಿ ಕುಡಿಯದಿದ್ದರೆ ಬೇಸರ ಮಾಡಿಕೊಳ್ಳುತ್ತಾರೆ. ಇನ್ನೊಂದು ಗಮನಿಸಿದೆ. ಗುಂಪಿನಲ್ಲಿ ಎದೆ ಬಡಿದುಕೊಂಡು ಹಾಡಿ ಅಳುವುದೆಲ್ಲ ತಮಿಳಿನಲ್ಲಿ. ಆದರೆ ಒಬ್ಬೊಬ್ಬಳೂ ಪೆಟ್ಟಿಗೆಯ ಹತ್ತಿರ ಬಗ್ಗಿ ಸತ್ತವಳೊಡನೆ ಮೆಲ್ಲಗೆ ಏನೋ ಹೇಳುತ್ತಿದ್ದಳು, ಅದು ಕನ್ನಡದಲ್ಲಿ.

ನಾನು ಮೊದಲು ಪೆಟ್ಟಿಗೆ ನೋಡಿದೆ. ಚೆನ್ನಾಗಿ ತಣ್ಣಗಿತ್ತು, ಗಾಜಿನ ಮೇಲೆ ಮಂಜು ಕಟ್ಟಿತ್ತು. ಶಾಂತಾಮಣಿ ಸೆರಗಿನಿಂದ ಅದನ್ನು ಒರೆಸುವುದು, ತಾಯಿಯ ಮುಖ ಒಂದು ಗಳಿಗೆ ಕಾಣುವುದು, ಮತ್ತೆ ಮಂಜು ಮುಚ್ಚುವುದು. ಸಾವು ಆದದ್ದು ಬೆಳಗಿನ ಜಾವ, ಪೆಟ್ಟಿಗೆ ಬಂದದ್ದು ಏಳಕ್ಕೆ. ಇನ್ನೂ ಕಾಲ ಮಿಂಚಿರಲಿಲ್ಲ. ಆಂಬುಲೆನ್ಸ್ ಬೀದಿಯ ಬಾಯಲ್ಲಿ ನಿಂತಿತ್ತು, ಕೊಯಮತ್ತೂರಿನ ಆಸ್ಪತ್ರೆಯಲ್ಲಿ ಡಾಕ್ಟರು ತಯಾರಿದ್ದರು. ಅಲ್ಲಿ ಮಿದುಳು ತೆಗೆದು, ಮುಖಕ್ಕೆ ಏನೂ ಆಗದ ಹಾಗೆ ಹೊಲಿದು ಸಂಜೆಗೆ ಮನೆಗೆ ಕಳಿಸುವುದು, ಮರುದಿನ ಬೆಳಿಗ್ಗೆ ಇವರು ಎತ್ತುವುದು ಎಂದು ಮಾತಾಗಿತ್ತು. ಇನ್ನು ಬರಬೇಕಾದದ್ದು ಕುನ್ನತ್ತೂರಿನಿಂದ ಸೌಡಮ್ಮನ ತಮ್ಮ ಕಾಳಿಯಪ್ಪ ತರುವ ಸೀರೆ ಮಾತ್ರ. ಕುನ್ನತ್ತೂರು ಅಲ್ಲಿಗೆ ಒಂದು ಗಂಟೆಯ ದಾರಿ.

ಶಾಂತಾಮಣಿಗೆ ಐವತ್ತರ ಹತ್ತಿರ. ಕೊಟ್ಟದ್ದು ಸೋಮನೂರಿಗೆ, ಆದರೆ ತಾಯಿಗೆ ಮರೆವು ಹೆಚ್ಚಾದಾಗಿನಿಂದ ಇಲ್ಲೇ ಇದ್ದಾಳೆ. ಅವಳು ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ, ಅವ್ವನ ತಲೆಯಲ್ಲಿ ನೀವು ಹುಡುಕುವುದು ಏನೆಂದು ಇನ್ನೊಂದು ಸಲ ಹೇಳಿ ಎಂದಳು. ನಾನು ಚೀಟಿಯ ಕಥೆ ಹೇಳಿದೆ, ಗುರುತುಗಳ ಕಥೆ ಹೇಳಿದೆ. ಅವಳಿಗೆ ನನ್ನ ಅಡುಗೆಮನೆ ಬೇಕಾಗಲಿಲ್ಲ. ಮಗ್ಗಕ್ಕೆ ಉದ್ದುದ್ದ ಹಾಸುವ ನೂಲಿಗೆ ಅಲ್ಲಿ ಪಾವು ಎನ್ನುತ್ತಾರೆ, ಅವಳು ಅದನ್ನೇ ಹಿಡಿದಳು.

"ಪಾವಿನ್ ಮೇಲೆ ಮಸಿಗುರ್ತು ಆಕ್ತೀವಲ್ಲಾ, ಇಲ್ಲಿ ಸೆರಗು, ಇಲ್ಲಿ ಕತ್ತರ್ಸು ಅಂತ. ಅದ್ ಅಳಿಸೋದ್ರೆ ನೆಯ್ಯೋನ್ಗೆ ಎಲ್ಲಿ ನಿಲ್ಲಬೇಕೂಂತ ತೆರಿಯಲ್ಲ. ಅಂಗೇನಾ ಅಕ್ಕ?"

ಹೆಚ್ಚು ಕಡಿಮೆ ಹಾಗೇ ಎಂದೆ. ನಮ್ಮ ವಿಜ್ಞಾನಿಗಳು ಇಷ್ಟು ಚೆನ್ನಾಗಿ ಹೇಳುವುದನ್ನು ನಾನು ಕೇಳಿಲ್ಲ. ಆಮೇಲೆ ಅವಳು ಕೇಳಬೇಕಾದ್ದನ್ನು ಕೇಳಿದಳು. ಅಜ್ಜಿಗೆ ಬಂತು, ಅವ್ವನಿಗೆ ಬಂತು, ನನ್ನದು ಇದರಿಂದ ಗೊತ್ತಾಗುತ್ತದೆಯೇ ಎಂದು. ಗೊತ್ತಾಗುವುದಿಲ್ಲ ಎಂದೆ. ಅವಳು ಬೀಗದ ಕೈ ಎಲ್ಲಿಟ್ಟೆನೆಂದು ಮರೆತರೂ ಆ ರಾತ್ರಿ ನಿದ್ದೆ ಬರುವುದಿಲ್ಲವಂತೆ. ಯಾರದಾದರೂ ಗೊತ್ತಾದರೆ ಸಾಕು, ಅವ್ವ ಕೊಟ್ಟದ್ದು ದಂಡವಾಗಬಾರದು ಎಂದು ನನ್ನ ಎರಡೂ ಕೈ ಹಿಡಿದುಕೊಂಡಳು. ದಂಡವಾಗುವುದಿಲ್ಲ ಎಂದು ನಾನು ಮಾತು ಕೊಟ್ಟೆ. ಇಷ್ಟು ವರ್ಷದ ಕೆಲಸದಲ್ಲಿ ಯಾರಿಗೂ ಕೊಡದ ಮಾತನ್ನು ಅವಳಿಗೆ ಯಾಕೆ ಕೊಟ್ಟೆನೋ.

ಮಗ್ಗ ನಿಂತ ಮೇಲೆ

ಹನ್ನೆರಡೂವರೆಯ ಹೊತ್ತಿಗೆ ಕುಲದ ಯಜಮಾನರು ಬಂದು ಶಂಖ ಊದಿಸಿದರು. ಊದಿದ ಕೂಡಲೇ ಬೀದಿಯ ತುದಿಯಿಂದ ಒಂದೊಂದೇ ಶೆಡ್ಡು ನಿಲ್ಲುತ್ತಾ ಬಂತು. ನೇಕಾರರ ಮನೆಯಲ್ಲಿ ಹಿರಿಯ ಜೀವ ಹೋದರೆ ಇಡೀ ಬೀದಿ ಮಗ್ಗ ನಿಲ್ಲಿಸುವುದು ಅಲ್ಲಿನ ಪದ್ಧತಿಯಂತೆ. ಮಗ್ಗದ ಗುಂಡಿ ಒತ್ತಿ ನಿಲ್ಲಿಸಿದರೆ ಸಾಲದು, ಶೆಡ್ಡಿನ ಮೈನ್ ಸ್ವಿಚ್ಚನ್ನೇ ಮನೆಯ ಗಂಡಸು ಕೈಯಾರೆ ಇಳಿಸಬೇಕು, ಹೆಣ ಬೀದಿ ದಾಟುವವರೆಗೆ ಎತ್ತಬಾರದು. ಸತ್ತವರ ಮನೆಯದು ಕೊನೆಯದು. ಸೌಡಮ್ಮನ ಮಗ ರಾಮಲಿಂಗಂ ತನ್ನ ಶೆಡ್ಡಿಗೆ ಹೋಗಿ ಬಂದು, ಅಂಗಳದಲ್ಲಿ ನಿಂತು ಕೈ ಮುಗಿದರು.

ಆ ನಿಶ್ಶಬ್ದವನ್ನು ಹೇಗೆ ಹೇಳಲಿ. ದಿನವಿಡೀ ಹೊತ್ತ ಮೂಟೆ ಇಳಿಸಿದಂತಾಯಿತು. ಕಾಗೆಯ ದನಿ ಕೇಳಿತು, ಯಾರದೋ ಮನೆಯ ಕುಕ್ಕರು ಕೂಗಿದ್ದು ಕೇಳಿತು. ಎಷ್ಟು ಚೆಂದದ ಮರ್ಯಾದೆ ಎಂದು ನಾನು ಪಕ್ಕದವರಿಗೆ ಹೇಳಿದೆ. ಕೊಂಡಾಡಿದೆ ಎಂದೇ ಬರೆಯುತ್ತೇನೆ. ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ದೂರದಿಂದ ಬಂದ ನೆಂಟರು ಉಪವಾಸ ಇರಬಾರದೆಂದು ಎದುರುಮನೆಯವರು ನನ್ನನ್ನೂ ಮಾದೇವನನ್ನೂ ಊಟಕ್ಕೆ ಎಬ್ಬಿಸಿಕೊಂಡು ಹೋದರು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಬೀದಿಯೇ ಬಡಿಸುತ್ತದೆ. ಮೊಸರನ್ನ, ಮಾವಿನಕಾಯಿ ಉಪ್ಪಿನಕಾಯಿ, ತಲೆಯ ಮೇಲೆ ಫ್ಯಾನು. ಬೆಳಗಿನಿಂದ ಘಾಟಿಯಲ್ಲಿ ಕುಲುಕಿ ಬಂದ ಮೈ. ಗೋಡೆಗೆ ಒರಗಿದವಳಿಗೆ ನಿದ್ದೆ ಹತ್ತಿತು. ಒಂದು ಗಂಟೆಗೂ ಹೆಚ್ಚು ಮಲಗಿದ್ದೆ.

ಎದ್ದು ಬಂದಾಗ ಕಾಳಿಯಪ್ಪ ಇನ್ನೂ ಬಂದಿರಲಿಲ್ಲ. ಫೋನ್ ಮಾಡಿದರೆ ಹೊರಟೆ, ಇಗೋ ಹೊರಟೆ ಎಂಬ ಉತ್ತರ. ನಾನು ಚಪ್ಪರದಲ್ಲಿ ಕುಳಿತು ಒಳಗೊಳಗೇ ಕುದಿಯತೊಡಗಿದೆ. ಷರತ್ತು ಬರೆದುಕೊಂಡವಳು ನಾನೇ, ಯಾರನ್ನು ಬೈಯಲಿ. ಮೂರು ಗಂಟೆಯ ಹೊತ್ತಿಗೆ ಒಳಗಿನ ಹೆಂಗಸರು ಸೌಡಮ್ಮನ ಮುಖ ಈಗ ಎಷ್ಟು ಚೆನ್ನಾಗಿ ಕಾಣುತ್ತಿದೆ ಎಂದು ಮಾತನಾಡಿಕೊಳ್ಳುವುದು ಕೇಳಿಸಿತು. ಗಾಜಿನ ಮೇಲಿನ ಮಂಜು ಹೋಗಿತ್ತು, ಒರೆಸುವ ಕೆಲಸವೇ ಇರಲಿಲ್ಲ. ಜನ ಮತ್ತೆ ಮತ್ತೆ ಬಂದು ಮುಖ ನೋಡಿ ಹೋದರು. ನಾನೂ ಎದ್ದು ಹೋಗಿ ನೋಡಿದೆ. ಶಾಂತವಾಗಿ ಮಲಗಿದ್ದಳು. ಪೆಟ್ಟಿಗೆಯ ಮೇಲೆ ಮಲ್ಲಿಗೆ, ಸಂಪಿಗೆ ಹಾರಗಳು ಮೊಳದೆತ್ತರ ಬಿದ್ದಿದ್ದವು. ಅವುಗಳ ಕೆಳಗೆ ಪೆಟ್ಟಿಗೆಯ ಕರೆಂಟು ತೋರಿಸುವ ದೀಪ ಆರಿದ್ದು ನನಗೆ ಕಾಣಲಿಲ್ಲ. ಗಾಜು ಯಾಕೆ ತಿಳಿಯಾಯಿತು ಎಂದೂ ನನ್ನ ತಲೆಗೆ ಹೊಳೆಯಲಿಲ್ಲ. ದೀಪದ ಬುಡದಲ್ಲೇ ಕತ್ತಲೆ. ಇಪ್ಪತ್ತಾರು ವರ್ಷದಿಂದ ಫ್ರೀಜರುಗಳ ಜೊತೆ ಬದುಕಿದವಳು ನಾನು.

ಕುನ್ನತ್ತೂರಿನ ಸೀರೆ

ಕಾಳಿಯಪ್ಪ ಬಂದದ್ದು ನಾಲ್ಕೂವರೆಗೆ. ಎಪ್ಪತ್ತೈದು ದಾಟಿದ, ಒಣಗಿದ ಮೈಯ ಮನುಷ್ಯ. ಹೆಗಲ ಮೇಲೆ ಬಿಳಿ ಬಟ್ಟೆಯಲ್ಲಿ ಸುತ್ತಿದ ಸೀರೆ. ತಡವಾಯಿತಲ್ಲ ಅಯ್ಯ ಎಂದೆ, ನನ್ನ ದನಿ ಗಡುಸಾಗಿಯೇ ಇತ್ತು. ಅವರು ನನ್ನ ಮುಖ ನೋಡದೆ ಹೇಳಿದರು:

"ನೆಯ್ಯೋ ಮನೆ ಮಗ್ಳಿಗೆ ಅಂಗ್ಡಿ ಸೀರೆ ಆಕ್ಲಾ? ಮಗ್ಗದ್ಮೇಲೆ ಎರ್ಡು ಮೊಳ ಬಾಕಿ ಇತ್ತು. ಮುಗ್ಸಿ ಕೊಯ್ಕೊಂಡು ಬಂದೆ."

ಅವರ ಊರಿನಲ್ಲಿ ಕೈಮಗ್ಗ ಇಟ್ಟುಕೊಂಡವರು ಅವರೊಬ್ಬರೇ ಉಳಿದಿದ್ದರಂತೆ. ಅಕ್ಕನ ಸುದ್ದಿ ಬಂದಾಗ ಒಂದು ಅರಿಶಿನ ಬಣ್ಣದ ಸೀರೆ ಮಗ್ಗದ ಮೇಲಿತ್ತು. ಕಣ್ಣು ಮಂಜು, ಕೈ ನಡುಕ. ಆ ಎರಡು ಮೊಳಕ್ಕೆ ಅಷ್ಟು ಹೊತ್ತು ಹಿಡಿಯಿತು. ತವರಿನ ಸೀರೆ ತವರಿನ ಮಗ್ಗದಿಂದಲೇ ಬರಬೇಕೆಂಬುದು ಆ ಮನೆಯ ರೂಢಿ. ನಾಲ್ಕು ವರ್ಷದ ಹಿಂದೆ ನಾನು ಕೇಳದೆ ಬಿಟ್ಟ ಮಾತು ಇದೇ. ಅವರ ಬೆರಳುಗಳನ್ನು ನೋಡಿದ ಮೇಲೆ ನನ್ನ ಸಿಟ್ಟು ಇಳಿಯಿತು, ಅದರ ಜಾಗದಲ್ಲಿ ನಾಚಿಕೆ ಬಂತು.

ಪೆಟ್ಟಿಗೆಯ ಮುಚ್ಚಳ ತೆಗೆದರು. ಕಾಳಿಯಪ್ಪನವರ ಅಳು ಹೆಚ್ಚು ಕೇಳಿಸಲಿಲ್ಲ. ಸೀರೆಯನ್ನು ಅಕ್ಕನ ಮೇಲೆ ಹೊದಿಸಿ, ಅಂಚು ಸರಿಮಾಡಿ, ಸುಕ್ಕನ್ನು ಕೈಯಿಂದ ಸವರಿ ತೆಗೆದರು. ಇನ್ನು ಎತ್ತಬಹುದು ಎಂದರು ಯಜಮಾನರು. ತಲೆಯ ಕಡೆ ನಾನು ಹಿಡಿದುಕೊಳ್ಳುತ್ತೇನೆ ಎಂದು ಮುಂದೆ ಹೋಗಿ ಕತ್ತಿನ ಕೆಳಗೆ ಎರಡೂ ಅಂಗೈ ತೂರಿಸಿದೆ.

ತಣ್ಣಗಿರಲಿಲ್ಲ. ಗೋಡೆಗೆ ಒರಗಿದ ಬೆನ್ನಿನ ಹಾಗೆ ಬೆಚ್ಚಗಿತ್ತು. ಪೆಟ್ಟಿಗೆಯ ತಳ ಮುಟ್ಟಿದೆ, ಅದೂ ಹಾಗೇ. ಅದರಿಂದ ಹೊರಟ ವೈರನ್ನು ಕಣ್ಣಿನಲ್ಲೇ ಹಿಡಿದು ಹೋದೆ. ವೈರು ಕಿಟಕಿ ದಾಟಿ, ಅಂಗಳ ದಾಟಿ, ಮಗ್ಗದ ಶೆಡ್ಡಿನೊಳಗೆ ಹೋಗಿತ್ತು. ಬೇಸಿಗೆಯಲ್ಲಿ ಮನೆಯ ಲೈನು ಸೊರಗುತ್ತದೆ, ಬಂದವರಿಗೆ ಫ್ಯಾನುಗಳೂ ಬೇಕು, ಆದ್ದರಿಂದ ಪೆಟ್ಟಿಗೆಗೆ ಶೆಡ್ಡಿನ ಕರೆಂಟು ಕೊಟ್ಟಿದ್ದರು. ಮನೆಯ ಫ್ಯಾನು ತಿರುಗುತ್ತಲೇ ಇದ್ದುದರಿಂದ ಯಾರಿಗೂ ಅನುಮಾನ ಬರಲಿಲ್ಲ. ಇಡೀ ಬೀದಿ ಸದ್ದಡಗಿ ಕುಳಿತಾಗ ಒಂದು ಪೆಟ್ಟಿಗೆಯ ಸದ್ದಡಗಿದ್ದನ್ನು ಯಾರು ಕೇಳಿಸಿಕೊಂಡಾರು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ, ಮುಚ್ಚಿದ ಗಾಜಿನೊಳಗೆ, ನಾಲ್ಕು ಗಂಟೆ.

ನಾನು ತಲೆ ಎತ್ತಿದಾಗ ಪಾದದ ಕಡೆ ಹಿಡಿದಿದ್ದ ರಾಮಲಿಂಗಂ ನನ್ನನ್ನೇ ನೋಡುತ್ತಿದ್ದರು. ಅವರ ಕಣ್ಣೂ ಆ ವೈರಿನ ದಾರಿಯಲ್ಲಿ ಶೆಡ್ಡಿನವರೆಗೆ ಹೋಗಿ ಬಂದಿತ್ತು. ಇಬ್ಬರೂ ಸೌಡಮ್ಮನನ್ನು ಎತ್ತಿ ಆಂಬುಲೆನ್ಸಿಗೆ ಸಾಗಿಸಿದೆವು.

ಗಾಂಧಿಪುರಂ ದಾಟಿ

ಕೊಯಮತ್ತೂರಿನ ಗಾಂಧಿಪುರಂನಲ್ಲಿ ಸಂಜೆಯ ನೂಕುನುಗ್ಗಲು. ಬಸ್ ನಿಲ್ದಾಣಗಳ ಸುತ್ತ ಆಂಬುಲೆನ್ಸಿಗೂ ದಾರಿ ಇರಲಿಲ್ಲ. ಹಿಂದೆ ನಮ್ಮ ಜೀಪು, ಎರಡೂ ಕಡೆ ಜವಳಿ ಅಂಗಡಿಗಳ ದೀಪದ ಸಾಲು, ಗಾಜಿನೊಳಗೆ ಸೀರೆ ಉಟ್ಟ ಬೊಂಬೆಗಳು. ಹತ್ತು ನಿಮಿಷದಲ್ಲಿ ಬೇಕಾದಂಥ ಸೀರೆ ಸಿಗುವ ಬೀದಿ ಅದು. ಮಾದೇವ ಹಾರ್ನ್ ಒತ್ತುತ್ತಲೇ ಇದ್ದ. ಸಾಕು ಬಿಡಪ್ಪ, ಇನ್ನು ಅವಸರವಿಲ್ಲ ಎಂದೆ. ಅವನಿಗೆ ಅರ್ಥವಾಯಿತೋ ಇಲ್ಲವೋ, ಕೈ ತೆಗೆದ.

ಆಸ್ಪತ್ರೆಯ ಡಾಕ್ಟರು ಕಿರಿ ವಯಸ್ಸಿನ ಹುಡುಗಿ, ಚುರುಕು ಕೈ. ಮಿದುಳನ್ನು ಹೊರಗೆ ತೆಗೆದು ನನ್ನ ಕಡೆ ನೋಡಿದಳು. ಅವಳು ಬಾಯಿ ಬಿಟ್ಟು ಹೇಳಬೇಕಾಗಿರಲಿಲ್ಲ, ಅದು ತಟ್ಟೆಯಲ್ಲಿ ಕುಸಿದು ಕುಳಿತ ರೀತಿಯಲ್ಲೇ ಗೊತ್ತಾಗುತ್ತಿತ್ತು. ಆದರೂ ಕ್ರಮ ಬಿಡಲಿಲ್ಲ. ಅರ್ಧವನ್ನು ಫಾರ್ಮಲಿನ್‌ಗೆ ಹಾಕಿದೆವು, ಇನ್ನರ್ಧವನ್ನು ತೆಳುವಾಗಿ ಹೆಚ್ಚಿ ಡ್ರೈ ಐಸ್ ಮೇಲೆ ಇಟ್ಟೆವು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮೈಸೂರಿಗೆ ಬಂದ ಮೇಲಿನ ಮಾತನ್ನೂ ಇಲ್ಲೇ ಮುಗಿಸುತ್ತೇನೆ. ಆರ್‌ಎನ್‌ಎ ಎಷ್ಟು ಉಳಿದಿದೆ ಎಂದು ಹತ್ತಕ್ಕೆ ಇಷ್ಟೆಂದು ಅಂಕ ಕೊಡುವ ಯಂತ್ರ ನಮ್ಮಲ್ಲಿದೆ. ಸೌಡಮ್ಮನ ಮಿದುಳಿಗೆ ಬಂದ ಅಂಕವನ್ನು ನಾನು ಪುಸ್ತಕದಲ್ಲಿ ಬರೆದಿದ್ದೇನೆ, ಇಲ್ಲಿ ಬರೆಯುವುದಿಲ್ಲ. ಚೀಟಿಗಳು ಪುಡಿಯಾಗಿದ್ದವು. ಯಾವ ಗುರುತು ಎಲ್ಲಿತ್ತು ಎಂದು ಇನ್ನು ಯಾರಿಂದಲೂ ಹೇಳಲಾಗದು.

ಹೊಲಿಗೆ ಹಾಕುವ ಹೊತ್ತಿಗೆ ನಾನು ಕೈ ತೊಳೆದು ಹೊರಗೆ ಬಂದೆ. ಬೆಂಚಿನ ಹತ್ತಿರ ರಾಮಲಿಂಗಂ ಒಬ್ಬರೇ ನಿಂತಿದ್ದರು. ತಂಗಿ ನೀರು ತರಲು ಹೋಗಿದ್ದಾಳೆ ಎಂದರು. ಆಮೇಲೆ ಹೇಳಿದರು:

"ಮೈನ್ ಇಳ್ಸಿದ್ದು ನಾನ್ ತಾನ್ ಮೇಡಂ. ಶಾಂತಾಗೆ ಏಳ್ಬೇಡೀಂಗ."

ನಿಮ್ಮ ತಪ್ಪಲ್ಲ, ಪೆಟ್ಟಿಗೆಯ ಮುಂದೆ ನಿಂತು ನೋಡಿದವಳು ನಾನು ಎಂದೆ. ಅವರಿಗೆ ಅದು ಕೇಳಿಸಿದಂತೆ ಕಾಣಲಿಲ್ಲ. ಹೇಳುವುದಿಲ್ಲ ಎಂದು ಒಪ್ಪಿದೆ. ಒಂದೇ ದಿನದಲ್ಲಿ ಅಣ್ಣ ತಂಗಿ ಇಬ್ಬರಿಗೂ ಮಾತು ಕೊಟ್ಟಿದ್ದೆ.

ಶಾಂತಾಮಣಿ ಬಂದಳು. ನೀರಿನ ಬಾಟಲಿ ನನ್ನ ಕೈಗೆ ಕೊಟ್ಟು, ಅವ್ವನದು ಕೆಲಸಕ್ಕೆ ಬಂತೇ ಎಂದು ಕೇಳಿದಳು. ಬಂತು ಎನ್ನುವುದು ಸುಲಭವಿತ್ತು. ಅರ್ಧ ಸುಳ್ಳೂ ಆಗುತ್ತಿರಲಿಲ್ಲ. ಆದರೂ ಇದ್ದದ್ದನ್ನೇ ಹೇಳಿದೆ. ಫಾರ್ಮಲಿನ್‌ನಲ್ಲಿ ಹಾಕಿದ ಭಾಗದಿಂದ ಕಾಯಿಲೆ ಎಲ್ಲೆಲ್ಲಿ ಹಬ್ಬಿತ್ತೆಂದು ನೋಡಬಹುದು, ಆದರೆ ನಾನು ಯಾವುದಕ್ಕೆ ಬಂದಿದ್ದೆನೋ ಅದು ಆಗುವುದಿಲ್ಲ, ಮಸಿಗುರುತುಗಳು ಅಳಿಸಿಹೋಗಿವೆ, ಮೈ ಬೆಚ್ಚಗಾಗಿತ್ತು ಎಂದೆ. ಯಾಕೆ ಬೆಚ್ಚಗಾಯಿತೆಂದು ಹೇಳಲಿಲ್ಲ. ಅವಳೂ ಕೇಳಲಿಲ್ಲ. ಅಣ್ಣನ ಕಡೆ ತಿರುಗಿದಳು. ರಾಮಲಿಂಗಂ ಮೈನ್ ಇಳಿಸಿದ ತಮ್ಮ ಬಲಗೈಯನ್ನು ಪಂಚೆಯ ಮಡಿಕೆಯಲ್ಲಿ ಅಡಗಿಸಿಟ್ಟುಕೊಂಡಿದ್ದರು. ಅವಳು ಆ ಕೈಯನ್ನೇ ಬಹಳ ಹೊತ್ತು ನೋಡಿದಳು. ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಬಂದು ಕುಳಿತಳು.

"ನಂಗೂ ಒಂದ್ ಫಾರಂ ಕೊಡೀಂಗ ಅಕ್ಕ."

ಇವತ್ತು ಬೇಡ, ಮನಸ್ಸು ನೆಟ್ಟಗಿರುವ ದಿನ ನೋಡೋಣ ಎಂದೆ. ನೆಟ್ಟಗಿರುವುದು ಇವತ್ತೇ, ನಾಳೆಯದು ಯಾರಿಗೆ ಗೊತ್ತು ಎಂದಳು. ಚೀಲದಲ್ಲಿ ಫಾರಂ ಇತ್ತು, ತೆಗೆದೆ. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಅಚ್ಚಾದದ್ದು, ಅವಳಿಗೆ ಎರಡೂ ಓದಲು ಬಾರದು. ಸಾಲು ಸಾಲಾಗಿ ಓದಿ ಹೇಳಿದೆ, ಅವಳು ಹೂಂ ಎನ್ನುತ್ತಾ ಬಂದಳು. ಷರತ್ತು ಎಂದಿರುವ ಜಾಗಕ್ಕೆ ಬಂದಾಗ ನಾನು ಪೆನ್ನು ನಿಲ್ಲಿಸಿ ಏನು ಬರೆಯಲಿ ಎಂದೆ.

"ಕೋಡಿಗೆ ಕಾಯ್ಬೇಡಿ ಅಂತ ಬರೀಂಗ."

ಶಾಂತಾಮಣಿಯ ತವರು ಅಂದರೆ ರಾಮಲಿಂಗಂ. ಅವಳಿಗೆ ಸೀರೆ ತರಬೇಕಾದ ಕೈ ಅವರದೇ. ನಾನು ಬರೆಯದೆ ಅವರ ಮುಖ ನೋಡಿದೆ. ಅವಳು ನನ್ನ ಮೊಣಕೈ ಮುಟ್ಟಿ, ಬರೀಂಗ ಎಂದಳು. ಬರೆದೆ. ಅವಳು ತಮಿಳಿನಲ್ಲಿ ಸಹಿ ಹಾಕಿ, ಪೆನ್ನು ನನಗೆ ಕೊಡದೆ ಅಣ್ಣನ ಕಡೆ ಚಾಚಿದಳು. ಕೆಳಗೆ ಹತ್ತಿರದ ಸಂಬಂಧಿಕರೊಬ್ಬರ ಸಹಿ ಬೇಕೆಂದು ನಾನು ಓದಿದ್ದನ್ನು ಅವಳು ಮರೆತಿರಲಿಲ್ಲ.

ರಾಮಲಿಂಗಂ ಷರತ್ತಿನ ಸಾಲಿನ ಮೇಲೆ ಎಡಗೈಯ ಬೆರಳಿಟ್ಟು, ಇದರಲ್ಲಿ ಏನು ಬರೆದಿದೆ ಓದಿ ಎಂದರು. ಅವರು ಅಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಆದರೂ ಓದಿದೆ. ಇನ್ನೊಂದು ಸಲ ಓದಿ ಎಂದರು. ಇನ್ನೊಂದು ಸಲವೂ ಓದಿದೆ. ಆಮೇಲೆ ಅವರು ಪಂಚೆಯ ಮಡಿಕೆಯಿಂದ ಕೈ ಹೊರಗೆ ತೆಗೆದು ಸಹಿ ಹಾಕಿದರು.